ಕಳಸದಲ್ಲೊಂದು ಬೋ ಕಟ್ಟುವ ಪಾಠ

ಮೂಡಿಗೆರೆಯಿಂದ ಹೊರಟ ಬಸ್ಸು ಕೊಟ್ಟಿಗೆಹಾರದಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ನೀರುದೋಸೆ ತಿನ್ನುವವರು ತಿನ್ನುತ್ತಾರೆ, ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳಕ್ಕೆ ಹೋಗುವವರು ಬೇರೆ ಬಸ್ಸಿಗೆ ಕಾಯುತ್ತಾರೆ. ಕಳಸದ ಬಸ್ಸು ಮಾತ್ರ ಬಲಕ್ಕೆ ಹೊರಳಿ ಕಾಫಿ ತೋಟಗಳ ನಡುವೆ ನುಗ್ಗುತ್ತದೆ. ಬಾಳೂರು, ಜಾವಳಿ, ಕೆಳಗೂರು, ಹಿರೇಬೈಲು ಎಂದು ಹೆಸರುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಯ ಕಡೆ ಹರಿದು ಹೋಗುವವಳು. ಮುಂದೆ ಕಳಸದಲ್ಲಿ ಸಿಗುವ ಭದ್ರೆ ತುಂಗೆಯನ್ನು ಕೂಡಿಕೊಂಡು ಕೃಷ್ಣೆಯ ಪಾಲಾಗುವವಳು. ಅಂದರೆ ಈ ಅಂಕುಡೊಂಕು ದಾರಿಯಲ್ಲಿ ಎಲ್ಲೋ ಒಂದು ದಿಬ್ಬವನ್ನು ಬಸ್ಸು ಏದುಸಿರು ಬಿಡುತ್ತಾ ಹತ್ತಿ ಇಳಿಯುವಷ್ಟರಲ್ಲಿ ಪ್ರಯಾಣಿಕರು ಒಂದು ನದಿಯ ಸೀಮೆಯಿಂದ ಇನ್ನೊಂದರ ಸೀಮೆಗೆ ದಾಟಿರುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ, ಟಿಕೆಟ್ಟಿನ ದರವೂ ಬದಲಾಗುವುದಿಲ್ಲ!

ಚಿಕ್ಕಮಗಳೂರಿನಿಂದ ಸುಮಾರು ತೊಂಬತ್ತು ಕಿಲೋಮೀಟರು ದೂರದ ಕಳಸ, ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದು ಈಗ ತಾನೇ ಒಂದು ತಾಲ್ಲೂಕು. ಗುಡ್ಡದ ಮೇಲೆ ಕಳಸೇಶ್ವರ, ಕೆಳಗೆ ಪೇಟೆ, ಅದರಾಚೆ ಭದ್ರೆ. ಇಲ್ಲಿಗೆ ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಎಂಟು ಕಿಲೋಮೀಟರು ಆಚೆಯ ಹೊರನಾಡಿಗೆ ಹೋಗುವವರು. ದೇವಸ್ಥಾನದ ಮೆಟ್ಟಿಲು ಹತ್ತಿ, ಅಂಬಾತೀರ್ಥದಲ್ಲಿ ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ಬಂಡೆಯನ್ನು ನೋಡಿ, ಹೊರನಾಡಿನಲ್ಲಿ ಊಟ ಮಾಡಿ ಅವರು ಹಿಂದಿರುಗುತ್ತಾರೆ. ಪೇಟೆಯ ಬಟ್ಟೆ ಅಂಗಡಿಗಳ ಕಡೆ ಅವರ ಕಣ್ಣು ಹೋಗುವುದು ಅಪರೂಪ.

ಆದರೆ ಮದುವೆಯ ಕಾಲದಲ್ಲಿ ಮಲೆನಾಡಿನ ಇಂಥ ಪೇಟೆಗಳ ಬಟ್ಟೆ ಅಂಗಡಿಯೊಳಗೆ ಒಮ್ಮೆ ಇಣುಕಬೇಕು. ಪಂಚೆ, ಶಲ್ಯ, ರೇಷ್ಮೆ ಸೀರೆಗಳ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಒಂದು ಚಿಕ್ಕ ವಸ್ತು ಕೂತಿರುತ್ತದೆ. ಎರಡೂ ಕಡೆ ರೆಕ್ಕೆ, ನಡುವೆ ಗಂಟು, ಹಿಂದೆ ಎಲಾಸ್ಟಿಕ್ ಪಟ್ಟಿ, ತುದಿಯಲ್ಲಿ ಒಂದು ಕೊಕ್ಕೆ. ಅದೇ ಬೋ ಟೈ. ಐದು ವರ್ಷದ ಬಾಲಕನಿಂದ ಹಿಡಿದು ಆರತಕ್ಷತೆಗೆ ಕೋಟು ಹಾಕುವ ಮದುಮಗನವರೆಗೆ ಎಲ್ಲ ಕೊರಳಿಗೂ ಅದು ಹೊಂದುತ್ತದೆ. ಕೊಕ್ಕೆ ಸಿಕ್ಕಿಸಿದರೆ ಆಯಿತು. ಇದು ಗಂಟಲ್ಲ, ಗಂಟಿನ ಚಿತ್ರ. ಹೊಲಿಗೆಯ ಯಂತ್ರ ಮಾಡಿದ ಈ ಗಂಟನ್ನು ಯಾರೂ ಕಟ್ಟಿಲ್ಲ, ಯಾರೂ ಬಿಚ್ಚುವ ಹಾಗೂ ಇಲ್ಲ.

ಕೈಯಲ್ಲಿ ಕಟ್ಟುವ ಬೋ ಟೈ ಬೇರೆಯೇ ಒಂದು ವಸ್ತು. ಬಿಚ್ಚಿ ಹಾಸಿದರೆ ಅದು ಎರಡೂ ತುದಿಯಲ್ಲಿ ಅಗಲವಾಗಿ ನಡುವೆ ಸಪೂರವಾದ ಒಂದು ರೇಷ್ಮೆಯ ಪಟ್ಟಿ, ಅಷ್ಟೇ. ಅದನ್ನು ಕಟ್ಟಬಲ್ಲ ಕೈಗಳು ಈ ಕಾಫಿ ಸೀಮೆಯಲ್ಲಿ ಒಂದು ಕಾಲಕ್ಕೆ ಇದ್ದವು.

ದೊರೆಗಳು ತಂದ ಪಟ್ಟಿ

ಬಾಬಾಬುಡನ್ ಅವರು ಹದಿನೇಳನೆಯ ಶತಮಾನದಲ್ಲಿ ಯೆಮೆನ್ನಿನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಬೀಜ ಬಂದದ್ದು ಫಕೀರನ ಜೊತೆ. ತೋಟ ಎಂಬ ದೊಡ್ಡ ವ್ಯವಹಾರ ಬಂದದ್ದು ಮಾತ್ರ ಯುರೋಪಿಯನ್ನರ ಜೊತೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಚಿಕ್ಕಮಗಳೂರಿನ ಬಳಿ ತೋಟ ಮಾಡಿದ ಥಾಮಸ್ ಕ್ಯಾನನ್ ಅವರಲ್ಲಿ ಮೊದಲಿಗರ ಸಾಲಿನವನು. ಮಂಜರಾಬಾದಿನ ಕಡೆ ತೋಟ ಮಾಡಿದ ರಾಬರ್ಟ್ ಎಲಿಯಟ್ 1871ರಲ್ಲೊಂದು, 1894ರಲ್ಲೊಂದು ಪುಸ್ತಕ ಬರೆದು ಮೈಸೂರು ಸೀಮೆಯ ಕಾಫಿ, ಕಾಡು, ಶಿಕಾರಿಗಳ ವಿಚಾರವನ್ನು ಇಂಗ್ಲೆಂಡಿನ ಓದುಗರಿಗೆ ತಿಳಿಸಿದ. ಹಗಲೆಲ್ಲ ಜಿಗಣೆ, ಮಳೆ, ಮಲೇರಿಯಾ. ಸಂಜೆಯಾದರೆ ಇವರಿಗೆ ಊರು ನೆನಪಾಗುತ್ತಿತ್ತು. ಊರಿನ ನೆನಪಿಗೆ ಇವರು ಕಟ್ಟಿಕೊಂಡದ್ದು ಕ್ಲಬ್ಬುಗಳನ್ನು. ಚಿಕ್ಕಮಗಳೂರಿನ ಕಡೂರ್ ಕ್ಲಬ್, ಸಕಲೇಶಪುರದ ಮಂಜರಾಬಾದ್ ಕ್ಲಬ್ ಆ ಕಾಲದಿಂದ ಉಳಿದು ಬಂದ ಹೆಸರುಗಳು.

ಇಂಡಿಯಾದಲ್ಲಿದ್ದ ಬ್ರಿಟಿಷರಿಗೆ ರಾತ್ರಿಯ ಊಟಕ್ಕೆ ಬಟ್ಟೆ ಬದಲಾಯಿಸುವುದು ಒಂದು ವ್ರತದ ಹಾಗೆ. ಹೊರಗೆ ಕಪ್ಪೆ ವಟಗುಟ್ಟುತ್ತಿರಲಿ, ಹೆಂಚಿನ ಸಂದಿನಿಂದ ನೀರು ತೊಟ್ಟಿಕ್ಕುತ್ತಿರಲಿ, ಕರಿ ಕೋಟು, ಗಂಜಿ ಹಾಕಿದ ಬಿಳಿ ಅಂಗಿ, ಕೊರಳಿಗೆ ಕರಿ ಬೋ. ಈ ಬೋ ಎಂಬುದರ ಮೂಲಪುರುಷರು ಸೈನಿಕರು ಎಂದರೆ ಆಶ್ಚರ್ಯವಾದೀತು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪರವಾಗಿ ಕಾದಾಡಲು ಬಂದ ಕ್ರೊವೇಷಿಯಾದ ದಂಡಾಳುಗಳು ಕೊರಳಿಗೆ ವಸ್ತ್ರ ಸುತ್ತಿಕೊಳ್ಳುತ್ತಿದ್ದರು. ಫ್ರೆಂಚರಿಗೆ ಅದು ಚೆಂದ ಕಂಡಿತು. ಕ್ರೊವಾಟರು ಕಟ್ಟುವುದರಿಂದ ಅದಕ್ಕೆ ಕ್ರವಾಟ್ ಎಂದು ಹೆಸರಾಯಿತು. ಆ ಕ್ರವಾಟೇ ಸವೆದು ಸಣ್ಣದಾಗಿ ಒಂದು ಕಡೆ ಉದ್ದ ಟೈ, ಇನ್ನೊಂದು ಕಡೆ ಬೋ ಆಗಿ ಉಳಿಯಿತು.

ದೊರೆಗಳ ಕೊರಳು ನೋಡಿ ಬೋ ಕಲಿತವರಲ್ಲಿ ಮೊದಲಿಗರು ಯಾರು? ಮನೆಯ ಬಟ್ಲರುಗಳೇ ಇರಬೇಕು. ಸಾಹೇಬನ ಬಟ್ಟೆ ತೆಗೆದಿಡುವುದು, ಗುಂಡಿ ಹಾಕುವುದು, ಬೂಟಿನ ಲಾಡಿ ಕಟ್ಟುವುದು ಅವರ ಕೆಲಸ. ಸ್ವಾತಂತ್ರ್ಯ ಬಂತು, ತೋಟಗಳು ಒಂದೊಂದಾಗಿ ಈ ನೆಲದವರ ಕೈಗೆ ಬಂದವು, ಕ್ಲಬ್ಬಿನ ಕುರ್ಚಿಗಳೂ ಬಂದವು. ಕುರ್ಚಿಯ ಜೊತೆ ಕೊರಳಪಟ್ಟಿಯೂ ಬಂತು. ದಿನಗಳೆದಂತೆ ಬೋ ಟೈ ಯಜಮಾನರ ಕೊರಳಿನಿಂದ ಇಳಿದು ದೊಡ್ಡ ಹೋಟೆಲಿನ ಬೇರರ್‌ಗಳ ಕೊರಳಿಗೆ ಏರಿತು. ಈಗ ಮದುವೆಯ ಆರತಕ್ಷತೆಯಲ್ಲಿ ಮದುಮಗನಿಗೂ ಬೋ, ಐಸ್‌ಕ್ರೀಮ್ ಹಂಚುವ ಕೇಟರಿಂಗ್ ಹುಡುಗನಿಗೂ ಬೋ. ಯಾರಿಗೆ ಕವರು ಕೊಡಬೇಕೆಂದು ಮುದುಕರು ಗಲಿಬಿಲಿಗೊಂಡರೆ ತಪ್ಪು ಅವರದಲ್ಲ!

ಕಳಸವೆಂಬುದು ಕ್ಲಬ್ಬುಗಳ ಊರಲ್ಲ. ಅಡಿಕೆ, ಬತ್ತ, ಕಾಫಿ, ಮೆಣಸು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬೆಳೆಯುವ ಸಣ್ಣ ಹಿಡುವಳಿದಾರರು ಇಲ್ಲಿ ಹೆಚ್ಚು. ಇಲ್ಲಿನ ಉಡುಪಿನ ಶಾಸ್ತ್ರ ಬೇರೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಎದುರು ಗಂಡಸರು ಅಂಗಿ ಕಳಚಿ ಹೆಗಲಿಗೆ ಶಲ್ಯವನ್ನೋ ಟವೆಲನ್ನೋ ಹೊದ್ದುಕೊಂಡು ನಿಲ್ಲಬೇಕು. ಕ್ಲಬ್ಬಿನ ಬಾಗಿಲಲ್ಲಿ ಕಾಲರಿಲ್ಲದವನಿಗೆ ಪ್ರವೇಶವಿಲ್ಲ, ದೇವಿಯ ಬಾಗಿಲಲ್ಲಿ ಕಾಲರಿದ್ದವನಿಗೆ ಇಲ್ಲ. ಒಂದೇ ಜಿಲ್ಲೆಯಲ್ಲಿ ಎರಡೂ ನಡೆಯುತ್ತದೆ, ಎರಡು ಕಡೆಗೂ ಹೋಗಿ ಬರುವವರು ಕಾರಿನ ಹಿಂದಿನ ಸೀಟಿನಲ್ಲಿ ಪಂಚೆಯನ್ನೂ ಪ್ಯಾಂಟನ್ನೂ ಇಟ್ಟುಕೊಂಡಿರುತ್ತಾರೆ.

ಇದೆಲ್ಲ ಬರೀ ತಮಾಷೆಯ ಮಾತಲ್ಲ. 2014ರ ಜುಲೈಯಲ್ಲಿ ಚೆನ್ನೈನ ಒಂದು ಕ್ಲಬ್ಬು ವೇಷ್ಟಿ ಉಟ್ಟು ಬಂದ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಒಳಗೆ ಬಿಡಲಿಲ್ಲ. ಮರುತಿಂಗಳೇ ತಮಿಳುನಾಡು ವಿಧಾನಸಭೆ ಅದರ ವಿರುದ್ಧ ಕಾಯಿದೆ ಮಾಡಿತು. ಹತ್ತು ವರ್ಷ ಕಳೆದು 2024ರ ಜುಲೈಯಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂದು ತಡೆದರು. ವಿಷಯ ವಿಧಾನಸಭೆಯಲ್ಲಿ ಪ್ರಸ್ತಾಪವಾಗಿ ಮಾಲನ್ನು ಏಳು ದಿನ ಮುಚ್ಚಿಸುವ ಮಟ್ಟಕ್ಕೆ ಹೋಯಿತು. ಸೊಂಟದ ಗಂಟಿಗೂ ಕೊರಳಿನ ಗಂಟಿಗೂ ಬಾಗಿಲು ಕಾಯುವವರು ಬೇರೆ ಬೇರೆ ಬೆಲೆ ಕಟ್ಟುತ್ತಾರೆ ಎಂಬುದು ಕಳಸದ ಹುಡುಗರಿಗೆ ಬೆಂಗಳೂರಿಗೆ ಹೋದ ಮೊದಲ ವಾರವೇ ಗೊತ್ತಾಗುತ್ತದೆ.

ಕನ್ನಡಿಯ ಎದುರು

ಅಂಥ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಕಳಸದ ಆಸುಪಾಸಿನ ತೋಟದ ಮನೆಯವನು. ಬೆಂಗಳೂರಿನ ಕಂಪೆನಿಯಲ್ಲಿ ಕೆಲಸ, ಊರಿನಲ್ಲಿ ಮದುವೆ, ಮರುದಿನ ಆರತಕ್ಷತೆ. ಗೆಳೆಯರು ಉಡುಗೊರೆಯಾಗಿ ಕೊಟ್ಟ ಡಬ್ಬಿಯಲ್ಲಿ ನಿಜವಾದ ಬೋ ಟೈ ಇದೆ, ಕೊಕ್ಕೆಯದಲ್ಲ. ಹೊರಗೆ ಮಳೆ, ಕರೆಂಟು ಇಲ್ಲ. ಚಾವಡಿಯ ಕಂಬಕ್ಕೆ ತೂಗುಹಾಕಿದ ಕನ್ನಡಿ, ಪಕ್ಕದಲ್ಲಿ ಚಾರ್ಜರ್ ಲೈಟು. ಅವನು ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ನಿಂತಿದ್ದಾನೆ, ಮನೆಯ ಮಕ್ಕಳೆಲ್ಲ ಸುತ್ತ ಸೇರಿದ್ದಾರೆ.

ಕ್ರಮ ಹೀಗಿದೆ. ಪಟ್ಟಿಯ ಒಂದು ತುದಿ ಇನ್ನೊಂದಕ್ಕಿಂತ ಸುಮಾರು ಎರಡು ಬೆರಳಗಲ ಕೆಳಗೆ ಇಳಿಯಬೇಕು. ಎಡಗಡೆಯದು ಉದ್ದ ಎಂದು ಇಟ್ಟುಕೊಳ್ಳೋಣ. ಉದ್ದದ ತುದಿಯನ್ನು ಗಿಡ್ಡದರ ಮೇಲಿಂದ ಹಾಯಿಸಿ, ಅಡಿಯಿಂದ ಕೊರಳ ಕಡೆಗೆ ಮೇಲೆತ್ತಿ ಒಮ್ಮೆ ಬಿಗಿದರೆ ಮೊದಲ ಗಂಟು. ಇದು ಲಾಡಿಗೂ ಹಾಕುವ ಮಾಮೂಲು ಗಂಟು, ಇದರಲ್ಲಿ ಯಾರೂ ಸೋಲುವುದಿಲ್ಲ. ಮೇಲೆ ಬಂದ ಉದ್ದದ ತುದಿಯನ್ನು ಹೆಗಲ ಮೇಲೆ ಎಸೆದು ಬಿಡಬೇಕು. ಕೆಳಗೆ ತೂಗುತ್ತಿರುವ ಗಿಡ್ಡ ತುದಿಯನ್ನು ಅಡ್ಡಲಾಗಿ ಮಡಿಸಿ ಕೊರಳಪಟ್ಟಿಯ ನಡುವೆ ಹಿಡಿದರೆ ಬೋ ಆಕಾರ ಆಗಲೇ ಕಾಣಿಸುತ್ತದೆ. ಈಗ ಹೆಗಲ ಮೇಲಿನ ತುದಿಯನ್ನು ಅದರ ನಟ್ಟನಡುವೆ ಕೆಳಕ್ಕೆ ಇಳಿಬಿಡಬೇಕು. ಇಲ್ಲಿಯತನಕ ಸುಖ.

ಮುಂದಿನದೇ ಕಷ್ಟ. ಇಳಿಬಿಟ್ಟ ತುದಿಯನ್ನೂ ಮಡಿಸಿ, ಆ ಮಡಿಕೆಯನ್ನು ಮುಂದಿನ ಬೋದ ಹಿಂದೆ ಇರುವ ಸಣ್ಣ ಸಂದಿನಲ್ಲಿ ತೂರಿಸಬೇಕು. ಆ ಸಂದು ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ಸಿಗುವಂಥದ್ದು. ಕನ್ನಡಿಯಲ್ಲಿ ನೋಡಿ ಹುಡುಕಿದರೆ ಎಡ ಬಲವಾಗಿ ಬೆರಳು ದಾರಿ ತಪ್ಪುತ್ತದೆ. ಕಣ್ಣು ಮುಚ್ಚಿದರೆ ಸಿಗುತ್ತದೆ. ಬಲ್ಲವರು ಕಲಿಯುವವರಿಗೆ ಹೇಳುವ ಉಪಾಯವೂ ಅದೇ. ಮೊದಲು ಕುರ್ಚಿಯಲ್ಲಿ ಕೂತು ತೊಡೆಗೆ ಕಟ್ಟಿ ಅಭ್ಯಾಸ ಮಾಡು, ಆಮೇಲೆ ಕೊರಳಿಗೆ ಬಾ, ಕನ್ನಡಿ ಕಡೆಯಲ್ಲಿ ಅಂತ.

ಬಿಗಿಯುವಾಗ ಇನ್ನೊಂದು ಸೂಕ್ಷ್ಮ ಉಂಟು. ಬೋದ ಪ್ರತಿ ಪಕ್ಕದಲ್ಲೂ ಒಂದು ಮಡಿಕೆ, ಒಂದು ಬಿಡಿ ತುದಿ ಇರುತ್ತವೆ. ಮಡಿಕೆಗಳನ್ನು ಎಳೆದರೆ ಗಂಟು ಬಿಗಿಯಾಗುತ್ತದೆ, ತುದಿಗಳನ್ನು ಎಳೆದರೆ ಬಿಚ್ಚಿಹೋಗುತ್ತದೆ. ಗಾಬರಿಯಲ್ಲಿ ತುದಿ ಎಳೆದವನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಮೂರನೆಯ ಸಲ ಕಟ್ಟಿದಾಗ ಬೋ ಅಡ್ಡಲಾಗಿ ನಿಲ್ಲದೆ, ಒಂದು ರೆಕ್ಕೆ ಆಕಾಶಕ್ಕೆ ಒಂದು ರೆಕ್ಕೆ ಹೊಟ್ಟೆಗೆ ಮುಖ ಮಾಡಿ ನಿಂತರೆ? ಆಗ ಆತ ಎರಡನೆಯ ಗಂಟನ್ನೂ ಮೊದಲಿನದರ ದಿಕ್ಕಿನಲ್ಲೇ ಸುತ್ತಿದ್ದಾನೆ ಎಂದು ಅರ್ಥ. ಎರಡು ಗಂಟುಗಳು ಎದುರುಬದುರು ದಿಕ್ಕಿನವಾದರೆ ಬೋ ನೇರವಾಗಿ ಮಲಗುತ್ತದೆ. ಒಂದೇ ದಿಕ್ಕಿನವಾದರೆ ಸೊಟ್ಟಗಾಗುತ್ತದೆ, ಬೇಗ ಸಡಿಲವೂ ಆಗುತ್ತದೆ.

ಅಂದಹಾಗೆ, ಇದು ಬೂಟಿನ ಲಾಡಿಯ ಗಂಟೇ, ಬೇರೆಯಲ್ಲ. 2017ರಲ್ಲಿ ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರುಗಳು ಬೂಟಿನ ಲಾಡಿ ತನ್ನಷ್ಟಕ್ಕೆ ಬಿಚ್ಚಿಕೊಳ್ಳುವುದೇಕೆ ಎಂದು ಪರೀಕ್ಷೆ ನಡೆಸಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಹೆಜ್ಜೆ ನೆಲಕ್ಕೆ ಬಡಿದಾಗಲೆಲ್ಲ ಗಂಟು ಸ್ವಲ್ಪ ಸಡಿಲವಾಗುತ್ತದೆ, ಕಾಲು ಬೀಸುವಾಗ ತುದಿಗಳು ಚಾಟಿಯಂತೆ ಬೀಸಿ ಅದನ್ನು ಎಳೆಯುತ್ತವೆ, ಎರಡೂ ಸೇರಿದರೆ ಕ್ಷಣದಲ್ಲಿ ಬಿಚ್ಚಿಕೊಳ್ಳುತ್ತದೆ. ಒಂದೇ ದಿಕ್ಕಿನಲ್ಲಿ ಸುತ್ತಿದ ಗಂಟು ಇನ್ನೂ ಬೇಗ ಸೋಲುತ್ತದೆ. ಶಾಲೆಯ ಮೊದಲ ದಿನ ಅಮ್ಮ ಕಲಿಸಿದ್ದು ಇಷ್ಟು ದೊಡ್ಡ ವಿಷಯವೆಂದು ಯಾರಿಗೆ ಗೊತ್ತಿತ್ತು!

ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತಾ ನೋಡುತ್ತಿರುವ ಅಜ್ಜ ಇಷ್ಟು ಹೊತ್ತು ಸುಮ್ಮನಿರುತ್ತಾನೆಯೇ? "ಎಂಥದು ಮಾರಾಯ ಅದು, ಬಳ್ಳಿ ಕಟ್ಟಿದಷ್ಟೂ ಬರುವುದಿಲ್ಲವಾ ನಿಂಗೆ?" ಎಂದೇ ಎನ್ನುತ್ತಾನೆ. ಅಜ್ಜನ ಮಾತು ಹಾಸ್ಯಕ್ಕೆ ಬಂದದ್ದಾದರೂ ಅದರಲ್ಲಿ ಒಂದು ತೋಟವೇ ಇದೆ.

ಬಳ್ಳಿಗೆ ಹಾಕುವ ಗಂಟು

ಕಳಸದ ತೋಟಗಳಲ್ಲಿ ಮರ ಸುಮ್ಮನೆ ನಿಂತಿರುವುದಿಲ್ಲ. ಸಿಲ್ವರ್ ಓಕ್ ಇರಲಿ, ಹಾಲುವಾಣ ಇರಲಿ, ಅಡಿಕೆಯೇ ಇರಲಿ, ಮೈಮೇಲೆ ಕಾಳುಮೆಣಸಿನ ಬಳ್ಳಿ ಹೊತ್ತಿರುತ್ತದೆ. ಕಾಫಿಯ ಬೆಲೆ ಬಿದ್ದ ವರ್ಷ ಮೆಣಸು ಮನೆ ನಡೆಸಿದೆ, ಮಗಳ ಮದುವೆ ಮಾಡಿದೆ ಎಂದು ಹೇಳುವ ಬೆಳೆಗಾರರು ಈ ಕಡೆ ಎಷ್ಟೋ ಮಂದಿ. ಆ ಬಳ್ಳಿ ತಾನಾಗಿ ಮರ ಹತ್ತುತ್ತದೆ ಎಂದು ಪೇಟೆಯವರು ತಿಳಿದಿರುತ್ತಾರೆ. ಹತ್ತುತ್ತದೆ, ಆದರೆ ಹತ್ತಿಸಬೇಕು.

ಮಳೆ ಹಿಡಿದ ಮೇಲೆ ಮರದ ಬುಡದಲ್ಲಿ, ಮಧ್ಯಾಹ್ನದ ಬಿಸಿಲು ಬೀಳದ ಉತ್ತರದ ಕಡೆಗೆ, ಬಳ್ಳಿ ನೆಡುತ್ತಾರೆ. ಕುಡಿ ಚಿಗುರಿ ಉದ್ದವಾದಂತೆ ಅದರ ಪ್ರತಿ ಗಿಣ್ಣಿನಲ್ಲಿ ಸಣ್ಣ ಬೇರುಗಳು ಹೊರಡುತ್ತವೆ. ಅವು ಮರದ ತೊಗಟೆಗೆ ತಾಗಿದರೆ ಕಚ್ಚಿಕೊಳ್ಳುತ್ತವೆ, ತಾಗದಿದ್ದರೆ ಒಣಗುತ್ತವೆ. ತಾಗಿಸುವುದಕ್ಕೆ ಗಿಣ್ಣಿನ ಹತ್ತಿರ ಒಂದೊಂದು ಕಟ್ಟು ಹಾಕಬೇಕು. ಬಿಗಿ ಹೆಚ್ಚಾದರೆ ಎಳೆ ಬಳ್ಳಿಯ ಕತ್ತು ಹಿಸುಕಿದಂತೆ. ಸಡಿಲವಾದರೆ ಗಾಳಿಗೆ ಅಲ್ಲಾಡಿ ಬೇರು ಹಿಡಿಯದು. ಬೆರಳು ಅಳೆದು ಬಿಗಿಯಬೇಕು. ಇದಕ್ಕೆ ಹಳಬರು ಬಳಸುವುದು ಬಾಳೆಪಟ್ಟೆಯ ನಾರು. ಅದರ ಗುಣ ವಿಚಿತ್ರ. ಬೇರು ಮರವನ್ನು ಕಚ್ಚುವ ತನಕ ಗಟ್ಟಿಯಾಗಿರುತ್ತದೆ, ಆಮೇಲೆ ಮಳೆಯಲ್ಲಿ ಕೊಳೆತು ತಾನಾಗಿ ಉದುರಿಹೋಗುತ್ತದೆ. ಬಿಚ್ಚುವ ಕೂಲಿ ಉಳಿಯಿತು. ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಬಳ್ಳಿ ದಪ್ಪವಾದಾಗ ದಾರ ಕೊಳೆಯುವುದಿಲ್ಲ, ಕೊಯ್ಯುತ್ತದೆ. ಬೆಳೆಗಾರ ಅದನ್ನು ಹುಡುಕಿ ಕತ್ತರಿಸದಿದ್ದರೆ ಆ ಬಳ್ಳಿ ಅಲ್ಲಿಂದ ಮೇಲಕ್ಕೆ ಸೊರಗುತ್ತದೆ.

ಬಳ್ಳಿ ಮೇಲೇರಿದಂತೆ ಕಟ್ಟುವವನೂ ಮೇಲೇರಬೇಕು. ಏಣಿಯನ್ನು ಮರಕ್ಕೆ ಹಗ್ಗದಿಂದ ಬಿಗಿದು, ಒಂದು ಕಾಲು ಏಣಿಯಲ್ಲಿ ಒಂದು ಮೊಣಕಾಲು ಮರಕ್ಕೆ ಆನಿಸಿ, ಎರಡು ಕೈಯನ್ನೂ ಗಂಟಿಗೆ ಬಿಟ್ಟುಕೊಡುವ ಕೆಲಸ ಇದು. ಇಲ್ಲಿಯೂ ಕಣ್ಣಿಗಿಂತ ಬೆರಳೇ ಮುಖ್ಯ, ಏಕೆಂದರೆ ಗಂಟು ಬೀಳುವುದು ಎಷ್ಟೋ ಸಲ ಮರದ ಹಿಂಬದಿಯಲ್ಲಿ. ಹಗ್ಗ ಜಾರಿದರೆ ಪರಿಣಾಮ ಏನೆಂದು ಮೆಣಸಿನ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಬಿದಿರಿನ ಏಣಿಯ ಜಾಗಕ್ಕೆ ಹಗುರವಾದ ಅಲ್ಯೂಮಿನಿಯಂ ಏಣಿ ಬಂದ ಮೇಲೆ ಇನ್ನೊಂದು ಭಯ ಸೇರಿಕೊಂಡಿತು. ಏಣಿ ಸಾಗಿಸುವಾಗ ತೋಟದೊಳಗೆ ಹಾದುಹೋದ ವಿದ್ಯುತ್ ತಂತಿಗೆ ತಗುಲಿ ಕಾರ್ಮಿಕರು ಸತ್ತ ಸುದ್ದಿ ಚಿಕ್ಕಮಗಳೂರು, ಕೊಡಗು, ಹಾಸನ ಜಿಲ್ಲೆಗಳಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ಪತ್ರಿಕೆಯಲ್ಲಿ ಅದು ನಾಲ್ಕು ಸಾಲು. ಆ ಮನೆಯಲ್ಲಿ ಅದಕ್ಕೆ ಸಾಲುಗಳಿಲ್ಲ.

ಅಡಿಕೆಯ ಕಥೆ ಇನ್ನೂ ಎತ್ತರದ್ದು. ಮಳೆಗಾಲದ ಕೊಳೆರೋಗದಿಂದ ಕೊನೆಗಳನ್ನು ಕಾಪಾಡಲು ಮಲೆನಾಡಿನಲ್ಲಿ ಕೊಟ್ಟೆ ಕಟ್ಟುವುದೆಂಬ ಪದ್ಧತಿ ಇತ್ತು. ಕಾಲಿಗೆ ತಳೆ ಹಾಕಿಕೊಂಡು ಮರ ಏರಿ, ತೂಗಾಡುವ ತುದಿಯಲ್ಲಿ ಕೂತು ಒಂದೊಂದು ಕೊನೆಗೂ ಟೋಪಿ ಹಾಕಿದಂತೆ ಹೊದಿಕೆ ಕಟ್ಟಿ ಇಳಿಯುವುದು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಬಾಗಿ ದಾಟುವ ಚಾಲಾಕಿಗಳೂ ಇದ್ದರು. ಕೊಟ್ಟೆಯ ಕೆಲಸ ಕಡಿಮೆಯಾದದ್ದು ಬೋರ್ಡೊ ದ್ರಾವಣ ಹೊಡೆಯುವುದು ರೂಢಿಗೆ ಬಂದ ಮೇಲೆ. ಅದನ್ನು ಈ ಸೀಮೆಯ ಅಡಿಕೆಗೆ ತಂದವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಕಳಸದಿಂದ ಹೊರಟ ಭದ್ರೆ ಕೆಳಗೆ ಬಾಳೆಹೊನ್ನೂರು ಸೇರುತ್ತದಲ್ಲ, ಅಲ್ಲಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದರ ಹಿಂದೆಯೂ ಅವರಿದ್ದರು. ಕೋಟು ಹಾಕಿದವರು ಮಲೆನಾಡಿಗೆ ತಂದದ್ದೆಲ್ಲ ಕೊರಳಪಟ್ಟಿಯೇ ಅಲ್ಲ ಎಂಬುದಕ್ಕೆ ಈ ಒಬ್ಬರ ಹೆಸರು ಸಾಕು.

ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದು, ಮದ್ದು ಹೊಡೆಯಬಹುದು. ಮರ ಏರುವವರು ಸಿಗದ ಊರುಗಳಲ್ಲಿ ಅದು ದೇವರು ಕಳಿಸಿದ ಹಾಗೆ ಆಗಿದೆ. ಏರಿ ಬಿದ್ದು ನಡು ಮುರಿದುಕೊಂಡವರನ್ನು ಕಂಡ ಯಾರೂ ತಳೆಯ ಕಾಲ ಮರಳಿ ಬರಲಿ ಎಂದು ಹಾಡಲಾರರು. ಅದೇ ಹೊತ್ತಿಗೆ ಕಳಸದ ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ತಗುಲಿ, ಕೊಯ್ಯಲು ಕೊನೆಯೇ ಇಲ್ಲದ ಮರಗಳನ್ನು ನೋಡುತ್ತಾ ಕೂತ ಮನೆಗಳೂ ಇವೆ. ದೋಟಿ ಎಷ್ಟು ಉದ್ದವಿದ್ದರೆ ಏನು?

ತಲೆಯ ಮೇಲಿನದು

ಕಟ್ಟುವ ವಿದ್ಯೆ ಹೀಗೆ ತೋಟದಲ್ಲಿ ಹೇಗೋ ಉಳಿದುಕೊಂಡರೂ ಮೈಮೇಲೆ ಕಮ್ಮಿಯಾಗುತ್ತಾ ಬಂದಿದೆ. ಮುಂಡಾಸು ಸುತ್ತುವುದಕ್ಕೆ ಒಂದು ಟವೆಲು ಸಾಕು, ಹಾಗಾಗಿ ಅದು ಗದ್ದೆಯ ಬದುವಿನಲ್ಲಿ ಬದುಕಿದೆ. ಮಳೆಗೆ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಬೆನ್ನಿಗೆ ಇಳಿಬಿಡುವ ಮಡಿಕೆ ಗೊತ್ತಿದ್ದವರು ವಯಸ್ಸಾದವರು. ಹುಡುಗರಿಗೆ ರೇನ್‌ಕೋಟಿನ ಜಿಪ್ಪು ಉಂಟು. ಕಚ್ಚೆ ಹಾಕಿ ಪಂಚೆ ಉಡುವುದು ಮದುವೆಯ ದಿನ ಪುರೋಹಿತರ ಕೈಯಲ್ಲೇ ಆಗಬೇಕು. ಅದಕ್ಕೂ ಅಂಟುಪಟ್ಟಿ ಹಚ್ಚಿದ ರೆಡಿಮೇಡ್ ಪಂಚೆ ಬಂದಿದೆಯಂತೆ, ಬಂದಿರುವುದೇನು, ಕಚ್ಚೆ ಹೊಲಿದೇ ಇರುವುದೂ ಸಿಗುತ್ತದೆ.

ಮೈಸೂರು ಪೇಟವನ್ನೇ ನೋಡಿ. ವಿಶ್ವೇಶ್ವರಯ್ಯನವರ ಚಿತ್ರಗಳಲ್ಲಿ ಕೋಟಿನ ಮೇಲೆ ಟೈ, ಟೈಯ ಮೇಲೆ ಆ ಗಂಭೀರ ಮುಖ, ಮುಖದ ಮೇಲೆ ಪೇಟ. ಕೊರಳಿನದು ಪಶ್ಚಿಮದ ಗಂಟು, ತಲೆಯದು ಮೈಸೂರಿನ ಸುತ್ತು. ಇಂದು ಸನ್ಮಾನ ಸಮಾರಂಭದಲ್ಲಿ ತಟ್ಟೆಯಲ್ಲಿ ಇಟ್ಟು ತರುವ ಪೇಟ ಬುಟ್ಟಿಯಂತೆ ಗಟ್ಟಿಯಾಗಿ ಅಂಟಿಸಿದ್ದು. ದೊಡ್ಡ ತಲೆಯವರಿಗೆ ನೆತ್ತಿಯ ಮೇಲೆ ಕೂರುತ್ತದೆ, ಸಣ್ಣ ತಲೆಯವರಿಗೆ ಕಣ್ಣು ಮುಚ್ಚುತ್ತದೆ. ಫೋಟೋ ತೆಗೆದೊಡನೆ ಅದನ್ನು ತೆಗೆದು ಪಕ್ಕಕ್ಕೆ ಇಡುತ್ತಾರೆ. ಕೊಕ್ಕೆಯ ಬೋ ಟೈಗೆ ಇದು ಖಾಸಾ ಅಣ್ಣ.

ಹಿಂದೆ ಸಣ್ಣ ಪೇಟೆಗಳ ಫೋಟೋ ಸ್ಟುಡಿಯೋಗಳಲ್ಲಿ ಒಂದು ಕೋಟು, ಒಂದು ಟೈ ಗೂಟಕ್ಕೆ ನೇತಾಡುತ್ತಿದ್ದವು. ಬಂದ ಗಿರಾಕಿಗಳೆಲ್ಲರಿಗೂ ಅದೇ ಕೋಟು, ಅದೇ ಟೈ. ಬೆನ್ನಿಗೆ ಕೋಟು ದೊಡ್ಡದಾದರೆ ಸ್ಟುಡಿಯೋದವನು ಹಿಂದಿನಿಂದ ಬಟ್ಟೆ ಪಿನ್ನು ಹಾಕುತ್ತಿದ್ದ, ಎದುರಿನಿಂದ ಕಾಣುತ್ತಿರಲಿಲ್ಲ. 1968ರಲ್ಲಿ 'ಜೇಡರ ಬಲೆ' ಬಂದು ರಾಜಕುಮಾರ್ ಸೂಟು ಹಾಕಿದ ಪತ್ತೇದಾರನಾಗಿ ಕಂಡ ಮೇಲೆ ಆ ಗೂಟದ ಕೋಟಿಗೆ ಬಿಡುವು ಸಿಕ್ಕಿರಲಾರದು. ಮಲೆನಾಡಿನ ಹಳೆಯ ಮನೆಗಳ ಗೋಡೆಯಲ್ಲಿ ಕಟ್ಟು ಹಾಕಿಸಿದ ಅಂಥ ಫೋಟೋಗಳು ಈಗಲೂ ಇವೆ. ಸೊಂಟದ ಮೇಲಿನ ಚಿತ್ರ ಮಾತ್ರ, ಕೆಳಗೆ ಪಂಚೆಯೇ ಇರಬೇಕು.

ಹಾಗೆಂದು ಈ ಸೀಮೆಯಲ್ಲಿ ಎಲ್ಲರೂ ಕೋಟಿಗೆ ಮನಸೋತವರಲ್ಲ. ಮೂಡಿಗೆರೆಯ ನಿರುತ್ತರದಲ್ಲಿ 2007ರ ತನಕ ಬಾಳಿದ ಪೂರ್ಣಚಂದ್ರ ತೇಜಸ್ವಿಯವರೂ ಕಾಫಿ ಪ್ಲಾಂಟರೇ. 1966ರ ಅವರ ಮದುವೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ಸರಳ ವಿಧಾನದಲ್ಲಿ ನಡೆದದ್ದು. ಪ್ಲಾಂಟರ್ ಎಂದರೆ ಕ್ಲಬ್ಬು, ಕ್ಲಬ್ಬೆಂದರೆ ಬೋ ಎಂಬ ಲೆಕ್ಕ ಅವರ ಮುಂದೆ ನಡೆಯುತ್ತಿರಲಿಲ್ಲ.

ಇತ್ತ ಚಾವಡಿಯಲ್ಲಿ ನಮ್ಮ ಊಹೆಯ ಹುಡುಗ ಏಳನೆಯ ಸಲವೋ ಎಂಟನೆಯ ಸಲವೋ ಕಣ್ಣು ಮುಚ್ಚಿಕೊಂಡು ಬೆರಳಿಗೆ ಆ ಸಂದನ್ನು ಸಿಕ್ಕಿಸಿಕೊಂಡಿದ್ದಾನೆ. ಮಡಿಕೆ ತೂರಿತು, ಎಳೆದ, ನಿಂತಿತು. ಅಂಗಡಿಯ ಬೋದ ಹಾಗೆ ಅಚ್ಚುಕಟ್ಟಾಗಿಲ್ಲ, ಎಡದ ರೆಕ್ಕೆ ತುಸು ದೊಡ್ಡದು. ಕೈಯಲ್ಲಿ ಕಟ್ಟಿದ್ದೆಂದು ಗೊತ್ತಾಗುವುದೇ ಆ ಸಣ್ಣ ಓರೆಯಿಂದ ಎಂದು ಈ ವಿದ್ಯೆ ಬಲ್ಲವರು ಹೇಳುತ್ತಾರೆ. ಅಪ್ಪನಿಗೆ ಕಟ್ಟಲು ಬಾರದು, ಆದರೆ ಹತ್ತಿರ ಬಂದು ಕಾಲರನ್ನು ಸರಿಮಾಡಿ, ಏನೋ ಹೇಳಲು ಹೋಗಿ ಸುಮ್ಮನಾಗುತ್ತಾನೆ. ಮದುವೆಗೆಂದು ಒಂದು ವಾರ ತುಂಬಿದ ಮನೆ ಇದು. ಮದುವೆ ಮುಗಿದರೆ ಮಗ ಸೊಸೆ ಬೆಂಗಳೂರಿಗೆ, ನೆಂಟರು ಅವರವರ ಊರಿಗೆ. ಬಳ್ಳಿ ಕಟ್ಟಲು ಆಳು ಸಿಕ್ಕರೆ ಉಂಟು, ಇಲ್ಲದಿದ್ದರೆ ಅರವತ್ತು ದಾಟಿದ ಅಪ್ಪನೇ ಏಣಿ ಹತ್ತಬೇಕು.

ಆರತಕ್ಷತೆ ಮುಗಿಸಿ ಬಂದ ರಾತ್ರಿ ಕೈಯಲ್ಲಿ ಕಟ್ಟಿದ ಬೋವನ್ನು ಬಿಚ್ಚುವ ಸುಖವೇ ಬೇರೆಯಂತೆ. ಒಂದು ತುದಿ ಎಳೆದರೆ ಸರ್ರನೆ ಬಿಚ್ಚಿ ಪಟ್ಟಿಯಾಗಿ ಕೊರಳಿನಿಂದ ಇಳಿಯುತ್ತದೆ. ಅದನ್ನು ಸುತ್ತಿ ಡಬ್ಬಿಯಲ್ಲಿಟ್ಟು ಹುಡುಗ ಮಲಗುತ್ತಾನೆ. ಹೊರನಾಡಿಗೆ ಹೋಗುವ ಮೊದಲ ಬಸ್ಸಿಗೆ ಮರುದಿನ ದಂಪತಿ ಹೊರಡಬೇಕು. ಹಿಂದೆಲ್ಲ ಮಳೆ ಜೋರಾದರೆ ಹೆಬ್ಬಾಳೆಯ ಸೇತುವೆ ಭದ್ರೆಯಲ್ಲಿ ಮುಳುಗಿ ದಾರಿಯೇ ಕಟ್ಟಾಗುತ್ತಿತ್ತು.

ಅಜ್ಜ ಮಲಗುವ ಮುಂಚೆ ಹಿತ್ತಿಲಿಗೆ ಹೋಗಿ ಬರುತ್ತಾನೆ. ಒಣಗಿದ ಬಾಳೆಪಟ್ಟೆ ಹಾಗೇ ಎಳೆದರೆ ತುಂಡಾಗುತ್ತದೆ. ಬೆಳಿಗ್ಗೆ ಬಳ್ಳಿ ಕಟ್ಟಬೇಕಾದರೆ ರಾತ್ರಿಯೇ ನೀರಿಗೆ ಹಾಕಿಡಬೇಕು. ಬಾವಿಕಟ್ಟೆಯ ಪಕ್ಕದ ತೊಟ್ಟಿಯಲ್ಲಿ ಒಂದು ಕಟ್ಟು ಪಟ್ಟೆಯನ್ನು ಅದ್ದಿ, ಮೇಲೆ ಒಂದು ಕಲ್ಲು ಹೇರಿ, ಚಾವಡಿಯ ದೀಪ ಆರಿಸುತ್ತಾನೆ.